ದೊಡ್ಡ ಜಡ್ಡು

ರೇಣಮ್ಮನ ಕೈ ಸುಟ್ಟದ್ದು ರೇಣಮ್ಮನಿಗಿಂತ ಮೊದಲು ಅವಳ ಅತ್ತೆ ಹಣಮಂತಮ್ಮನಿಗೆ ಗೊತ್ತಾಯಿತು.

ಹೊತ್ತು ಹುಟ್ಟಿ ಮೊಳದುದ್ದ ಏರಿತ್ತು. ಒಲೆಯ ಮೇಲೆ ಹಂಚು ಕಾದಿತ್ತು. ಜೋಳದ ರೊಟ್ಟಿ ಬಡಿಯುವುದು, ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು, ತಿರುವುವುದು. ಕೈಗೆ ಗೊತ್ತಿದ್ದ ಕೆಲಸ, ಮನಸ್ಸಿನ ಅಪ್ಪಣೆಗೆ ಕಾಯುವಂಥದಲ್ಲ. ಆವತ್ತು ರೊಟ್ಟಿ ತಿರುವಿದ ಎಡಗೈ ಹಂಚಿನ ಅಂಚಿನ ಮೇಲೆಯೇ ಉಳಿದುಬಿಟ್ಟಿತು. ರೇಣಮ್ಮ ಉರಿಯನ್ನು ನೋಡುತ್ತ ಕುಳಿತಿದ್ದಳು. ಅಂಗಳದಲ್ಲಿ ತಾಯಿಯಿಲ್ಲದ ಕುರಿಮರಿಗೆ ಹಾಲು ಕುಡಿಸುತ್ತಿದ್ದ ಹಣಮಂತಮ್ಮನ ಮೂಗಿಗೆ ವಾಸನೆ ಬಡಿಯಿತು. ರೊಟ್ಟಿ ಕರಕಲಾದ ವಾಸನೆ ಅಲ್ಲ ಅದು.

“ಏ ರೇಣಿ! ಕೈ ತಗಿ, ಕೈ ತಗಿ! ಖಬರ ಎಲ್ಲಿಟ್ಟೀದಿ?”

ರೇಣಮ್ಮ ಕೈಯ ಕಡೆ ನೋಡಿದಳು, ಬೇರೆ ಯಾರದೋ ಕೈ ನೋಡಿದ ಹಾಗೆ. ಆಮೇಲೆ ಎತ್ತಿಕೊಂಡಳು.

“ಗೊತ್ತಾಗಲಿಲ್ರಿ ಅತ್ತಿ.”

ಹಣಮಂತಮ್ಮ ಗೋಡೆಯಲ್ಲಿದ್ದ ದೇವರ ಮಾಡದಿಂದ ಬೀರಪ್ಪನ ಭಂಡಾರ ತಂದು, ಆ ಅರಿಷಿಣವನ್ನು ಸುಟ್ಟಲ್ಲಿ ಒತ್ತಿದಳು. ಸೊಸೆ ಹಾ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಮುದುಕಿಯ ಕೈ ತಡೆಯಿತು. ಅವಳ ಆಯುಷ್ಯವೆಲ್ಲ ಕುರಿಗಳೊಳಗೆ ಕಳೆದದ್ದು. ಜಡ್ಡಾದ ಕುರಿಗೆ ಬರೆ ಕೊಟ್ಟಾಗ ಅದು ಒದರಿದರೆ ಅವಳಿಗೆ ಸಮಾಧಾನ. ಮಿಸುಕದೆ ನಿಂತರೆ ಆ ಕುರಿ ಕೈಬಿಟ್ಟಂತೆಯೇ. ಅವಳು ಸೊಸೆಯ ಮುಖ ನೋಡಿ ಹೊರಗೆ ಹೋದಳು.

ರೇಣಮ್ಮ ಶಹಾಪುರದ ಕಡೆಯ ಶಿರವಾಳದವಳು. ಅಲ್ಲಿಯ ಹಳೆಯ ಗುಡಿಗಳ ಕಲ್ಲಿನ ಮೇಲೆ ಕುಂಟೆಬಿಲ್ಲೆ ಆಡಿ ಬೆಳೆದವಳು. ಸುರಪುರದಿಂದ ಬೋನಾಳಕ್ಕೆ ಹೋಗುವ ದಾರಿಯ ಈ ಊರಿಗೆ ಲಗ್ನವಾಗಿ ಬಂದಳು. ಗಂಡ ರೇವಣಸಿದ್ದ ಕುರಿ ಕಾಯುವವನು. ಒಳ್ಳೆಯ ಕುರಿಗಾರ ಎಂದು ಹೆಸರು. ಕುಂಟುವ ಮರಿಯನ್ನು ಹೆಗಲ ಮೇಲೆ ಹೊತ್ತು ತರುವವನು, ಕುರಿಯ ಮೇಲೆ ಒಂದು ದಿನವೂ ಕೋಲು ಎತ್ತಿದವನಲ್ಲ. ಕುಡಿಯುವವನೂ ಅಲ್ಲ. ಕುಡಿಯುತ್ತಿದ್ದರೆ ಜನ ಕುಡಿತಕ್ಕಾದರೂ ಬೈಯುತ್ತಿದ್ದರು.

ಅವನು ಹೊಡೆಯುವುದಕ್ಕೆ ಕಾರಣ ಬೇಕಿರಲಿಲ್ಲ, ಕಾರಣ ಸಿಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದದ್ದು, ಕೊಡ ತುಂಬಿ ತರಲು ತಡವಾದದ್ದು, ಕರೆದಾಗ ಓ ಅನ್ನದಿದ್ದದ್ದು, ಓ ಅಂದ ದನಿ ಸರಿಯಿಲ್ಲದ್ದು. ಕೈಗೆ ಸಿಕ್ಕದ್ದರಿಂದ ಹೊಡೆಯುತ್ತಿದ್ದ. ಹೆಚ್ಚಾಗಿ ಕುರಿ ಕಟ್ಟುವ ಹಗ್ಗ.

ಮೊದಮೊದಲು ರೇಣಮ್ಮ ಅಳುತ್ತಿದ್ದಳು. ಆಮೇಲೆ ಒಂದು ಉಪಾಯ ಕಲಿತಳು. ಯಾರೂ ಕಲಿಸಿದ್ದಲ್ಲ, ತಾನಾಗಿ ಬಂದದ್ದು. ಅವನು ಹಗ್ಗ ಹಿಡಿದ ಕೂಡಲೇ ಅವಳು ಮೈಯನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದಳು. ಬೋನಾಳದ ಕೆರೆಯ ದಂಡೆಗೆ ಹೋಗಿ ಕೂರುತ್ತಿದ್ದಳು. ಅಲ್ಲಿ ನೀರು, ನೀರಿನ ಮೇಲೆ ಹಕ್ಕಿ. ಹಕ್ಕಿ ಇಳಿಯುವುದು, ಏಳುವುದು. ಅವಳು ಹೊಳ್ಳಿ ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿರುತ್ತಿತ್ತು. ಬಿದ್ದ ಕೊಡ ಎತ್ತಿಟ್ಟು, ಸೆರಗು ಸರಿಮಾಡಿಕೊಂಡು, ಉಳಿದ ಕೆಲಸಕ್ಕೆ ಹತ್ತುತ್ತಿದ್ದಳು.

ದೇವರು ಮನುಷ್ಯನಿಗೆ ಮೈ ಕೊಟ್ಟಾಗ ಅದರೊಳಗೆ ಕೂತಿರು ಎಂದು ಹೇಳಿಯೇ ಕೊಟ್ಟಿರಬೇಕು. ಬಿಟ್ಟು ಹೋಗುವ ರೂಢಿಯಾದವರಿಗೆ ಒಂದು ದಿನ ಹಾದಿ ತಪ್ಪುತ್ತದೆ. ರೇಣಮ್ಮನಿಗೂ ಹಾಗೇ ಆಯಿತು. ಅವನು ಕೈ ಎತ್ತದಿದ್ದಾಗಲೂ ಅವಳು ಹೋಗಿಬಿಡುತ್ತಿದ್ದಳು, ಕರೆದರೂ ಬರುತ್ತಿರಲಿಲ್ಲ. ಕೊಡ ಹೊತ್ತು ಡಾಂಬರು ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಳು, ಹಿಂದೆ ಲಾರಿಯವನು ಹಾರ್ನ್ ಹೊಡೆದು ಹೊಡೆದು ಬೈದು ಪಕ್ಕದಿಂದ ಹೋಗುತ್ತಿದ್ದ. ಬಟ್ಟೆ ಒಗೆಯಲು ಹೋದರೆ ಕಾಲುವೆಯ ಜಾರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಕಾಲುವೆ ತುಂಬಿ ಸೆಳೆಯುತ್ತಿದ್ದರೂ ಅಲ್ಲಿಯೇ. ಬಾಯಲ್ಲಿ ತಂಬಾಕು ಸೇರಿತು. ಅಂಗಡಿಯಲ್ಲಿ ಮೈಕೈ ನೋವಿನ ಗುಳಿಗೆ ಸಿಗುತ್ತಿತ್ತು, ನೋವಿರಲಿ ಇಲ್ಲದಿರಲಿ ನುಂಗುತ್ತಿದ್ದಳು. ಸಾಯಬೇಕೆಂದಲ್ಲ. ಇರಬೇಕೆಂದೂ ಅಲ್ಲ. ಅದರ ಬಗ್ಗೆ ಅವಳು ಏನೂ ಅಂದುಕೊಂಡಿರಲಿಲ್ಲ.

ಕೈ ಸುಟ್ಟ ವಾರದಲ್ಲೇ ಆಶಾ ಕಾರ್ಯಕರ್ತೆ ಸೌಭಾಗ್ಯ ಮನೆಮನೆ ತಿರುಗುತ್ತ ಬಂದಳು. ಅಂಗಳದಲ್ಲಿ ನಿಂತೇ ಕೂಗಿದಳು.

“ಹಣಮಂತಮ್ಮಾ, ಮೈ ತಪಾಸಣಿ ಅದ. ಎಲ್ಲಾರೂ ಹೊರಗ ಬರ್ರಿ.”

“ನನ್ನ ಮೈಯಾಗ ಏನು ನೋಡ್ತಿಯವ್ವಾ, ಹರದ ಕಂಬಳಿ ಆಗೀನಿ.”

“ಹರದ ಕಂಬಳೀನೂ ನೋಡಬೇಕಂತ ಸರಕಾರ ಹೇಳ್ಯಾದ. ಮೈಮ್ಯಾಲ ಮಚ್ಚಿ ಅದಾವೇನು? ಬಣ್ಣಗೇಡಿ ಮಚ್ಚಿ? ಮುಟ್ಟಿದ್ರ ಗೊತ್ತಾಗಲಾರದ್ದು, ಬಿಸಿ, ತಣ್ಣಗ ತಿಳಿಲಾರದ್ದು?”

ಹಣಮಂತಮ್ಮ ತೊಡೆಯ ಮೇಲಿದ್ದ ಮೊಮ್ಮಗಳು ಉಮಾಳ ತಲೆ ಬಾಚುತ್ತಿದ್ದಳು. ಬಾಚಣಿಕೆ ನಿಂತಿತು. ಅವಳು ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ಗದ್ದ ಎತ್ತಿದಳು.

“ಇಕಿನ್ನ ನೋಡು. ಕೈ ಸುಟ್ಟ್ರೂ ಇಕಿಗೆ ಗೊತ್ತಾಗಂಗಿಲ್ಲ.”

ಸೌಭಾಗ್ಯ ಕೈ ಹಿಡಿದು ನೋಡಿದಳು. ಸುಟ್ಟ ಗಾಯದ ಪಕ್ಕ, ಮೊಳಕೈ ಕೆಳಗೆ, ಬಣ್ಣ ತಿರುಗಿದ ಒಂದು ಮಚ್ಚೆ.

“ಇದೇನು ರೇಣಕ್ಕ?”

“ಕಂಬಕ್ಕ ಬಡೀತು.”

ಸೌಭಾಗ್ಯ ಕಡ್ಡಿಯ ತುದಿಯಿಂದ ಅಲ್ಲಿ ಒತ್ತಿದಳು. “ಗೊತ್ತಾಗತದೇನು?”

“ಇಲ್ಲ,” ಎಂದಳು ರೇಣಮ್ಮ. ಅದು ಸುಳ್ಳಾಗಿರಲಿಲ್ಲ. ಅವಳು ಆಗ ಅಲ್ಲಿರಲಿಲ್ಲ.

“ಹೆದರಬ್ಯಾಡ ತಾಯಿ. ಅನುಮಾನ ಅಷ್ಟ. ಕುಷ್ಠ ಆಗಿದ್ರೂ ಪುಕ್ಕಟ ಗುಳಿಗಿ ಕೊಡ್ತಾರ, ವಾಸಿ ಆಗತದ. ಮನ್ಯಾಗ ಬ್ಯಾರೆ ಇಡೂದೇನೂ ಬೇಕಾಗಂಗಿಲ್ಲ. ಸುರಪುರ ದವಾಖಾನ್ಯಾಗ ಫರ್ಹತ ಸಿಸ್ಟರ್ ನೋಡ್ತಾರ, ಅವರು ಬರೋ ದಿನ ನಾ ಹೇಳ್ತೀನಿ.”

ಅವಳು ಹೇಳಿದ ಮಾತಿನಲ್ಲಿ ಗುಳಿಗೆ, ವಾಸಿ ಎಂಬವು ಅಂಗಳದಲ್ಲೇ ಬಿದ್ದು ಹೋದವು. ಒಂದೇ ಮಾತು ಮನೆಯೊಳಗೆ ಬಂತು. ಅದನ್ನೂ ಹಣಮಂತಮ್ಮ ಹೆಸರಿಟ್ಟು ಕರೆಯಲಿಲ್ಲ. ಆ ಕಡೆ ಯಾರೂ ಕರೆಯುವುದಿಲ್ಲ. ದೊಡ್ಡ ಜಡ್ಡು ಎನ್ನುತ್ತಾರೆ.

ಅಂದು ಇಳಿಹೊತ್ತು ರೇವಣಸಿದ್ದ ಕುರಿ ಹೊಡೆದುಕೊಂಡು ಬಂದ. ತಾಯಿ ಚಹಾ ಕೊಟ್ಟು, ಎದುರಿಗೆ ಕುಳಿತು ಹೇಳಿದಳು.

“ದವಾಖಾನಿಗೆ ಹೋಗಬೇಕಂತ ರೇಣಿ. ದೊಡ್ಡ ಜಡ್ಡಿನ ಅನುಮಾನ ಅದಂತ.”

ಅವನು ಲೋಟ ಕೆಳಗಿಟ್ಟ. “ಈ ಚಾ ಯಾರು ಮಾಡ್ಯಾರ?”

“ನಾನ ಮಾಡೀನಿ, ಕುಡಿ.”

ಅವನು ಕುಡಿಯಲಿಲ್ಲ. ರೇಣಮ್ಮ ಹಿಟ್ಟಿನ ಡಬ್ಬಿ ತೆಗೆದುಕೊಳ್ಳಲು ಅವನ ಪಕ್ಕದಿಂದ ಹಾಯಬೇಕಾಯಿತು. ಅವನು ಎದ್ದು ಹಿಂದೆ ಸರಿದ. ಗೋಡೆಗೆ ಬೆನ್ನು ಹತ್ತುವ ತನಕ ಸರಿದ. ಲಗ್ನವಾದಾಗಿನಿಂದ ಹಿಂದೆ ಸರಿಯುತ್ತಿದ್ದವಳು ಅವಳು. ಅವನು ಸರಿದದ್ದನ್ನು ಅವಳು ಅದೇ ಮೊದಲು ನೋಡಿದ್ದು.

“ಉಮೀನ್ನ ಅಕಿ ಹತ್ತಿರ ಬಿಡಬ್ಯಾಡ ಯವ್ವಾ. ಅಕಿ ಗಂಗಾಳ ಬ್ಯಾರೆ, ಹಾಸಗಿ ಬ್ಯಾರೆ. ಖರೆ ಅಂತಾದ್ರ ಅಕಿನ್ನ ಏನು ಮಾಡೂದು ಆಮ್ಯಾಲ ನೋಡ್ತೀನಿ.”

ತಾನು ಮಲಗುವ ಹೊರಸು ಹೊತ್ತುಕೊಂಡು ಕುರಿಹಟ್ಟಿಗೆ ಹೋದ. ಅಲ್ಲಿಯೇ ಮಲಗತೊಡಗಿದ.

ಆವತ್ತಿನಿಂದ ರೇಣಮ್ಮನನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದಾಗ ಮೈಯ ಯಾವ ಕಡೆಗೆ ಹೊರಳಿದರೂ ನೋಯುವ ಜಾಗ ಸಿಗಲಿಲ್ಲ. ಅವಳು ಮಲಗಿದರೆ ಮಲಗಿದ್ದೇ, ಬೆಳಗಿನ ಕೋಳಿ ಕೂಗಿದ್ದೂ ಕೇಳುತ್ತಿರಲಿಲ್ಲ. ಗುಳಿಗೆಯ ಪೊಟ್ಟಣ ಮಾಡದಲ್ಲಿ ಹಾಗೆಯೇ ಬಿದ್ದಿತ್ತು.

ಒಂದು ಸಂಜೆ ಬೀರಪ್ಪನ ಗುಡಿಗೆ ಹೋದಳು. ಒಳಗೆ ಹೋಗಲು ಅವಳಿಗೇ ಅಳುಕಾಯಿತು, ಕಟ್ಟೆಯ ಕೆಳಗೆ ನಿಂತು ಕೈಮುಗಿದಳು. ಆ ಕಟ್ಟೆಯ ಮುಂದೆ ಜಡ್ಡು ಹೋಗಲಿ ಎಂದು ಹರಕೆ ಹೊತ್ತವರು ಎಷ್ಟೋ ಮಂದಿ. ರೇಣಮ್ಮ ಬೇಡಿದ್ದು ಬೇರೆ. “ಯಪ್ಪಾ ಬೀರಪ್ಪ, ಇದು ಆ ಜಡ್ಡೇ ಆಗಿರಲಿ. ತಗೀಬ್ಯಾಡ.” ದೀಪ ಅಲುಗಾಡಲಿಲ್ಲ. ಎಲ್ಲ ಕೇಳಿಸಿಕೊಳ್ಳುವವನು ಇದನ್ನೂ ಕೇಳಿಸಿಕೊಂಡು ಸುಮ್ಮನೆ ಕೂತಿದ್ದ.

ಉಮಾಳಿಗೆ ಐದು ವರ್ಷ. ತಾಯಿಯ ತೋಳನ್ನು ತಲೆದಿಂಬು ಮಾಡಿಕೊಂಡು ಮಲಗುವ ಕೂಸು ಈಗ ಅಜ್ಜಿಯ ಹಾಸಿಗೆಯಲ್ಲಿ ಮಲಗುತ್ತಿತ್ತು. ಅವ್ವನಿಗೆ ಏನಾದರೂ ಕೊಡುವುದಿದ್ದರೆ ನೆಲದ ಮೇಲಿಟ್ಟು ಹಿಂದೆ ಸರಿಯಬೇಕು ಎಂದು ಅಜ್ಜಿ ಕಲಿಸಿದ್ದಳು. ಕೂಸು ಅದನ್ನು ಆಟ ಮಾಡಿಕೊಂಡಿತು. ನೀರಿನ ಚರಿಗೆ ಹೊಸ್ತಿಲ ಮೇಲಿಟ್ಟು, “ಅವ್ವಾ, ಇಟ್ಟೀನಿ ನೋಡು, ತಗೋ!” ಎಂದು ಹಿಂದಕ್ಕೆ ಜಿಗಿದು ಚಪ್ಪಾಳೆ ಹೊಡೆಯುತ್ತಿತ್ತು. ರೇಣಮ್ಮ ಚರಿಗೆ ಎತ್ತಿಕೊಂಡು ಕುಡಿಯುತ್ತಿದ್ದಳು. ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಅನಿಸುತ್ತಿಲ್ಲ ಎಂಬುದೂ ಗೊತ್ತಾಗುತ್ತಿರಲಿಲ್ಲ.

ಹೀಗೇ ತಿಂಗಳ ಮೇಲಾಯಿತು. ಸೌಭಾಗ್ಯ ಮತ್ತೆ ಬಂದು ಹೇಳಿಹೋದಳು. “ನಾಳೆ ಮಂಗಳವಾರ ಫರ್ಹತ ಸಿಸ್ಟರ್ ಇರ್ತಾರ. ತಪ್ಪಿಸಬ್ಯಾಡ್ರಿ.”

ಆವತ್ತು ಅತ್ತೆ ನೀರಿಗೆ ಹೋದಾಗ ರೇಣಮ್ಮ ಒಲೆಯ ಮುಂದೆ ಕುಳಿತು ಕೈ ನೋಡಿಕೊಂಡಳು. ಗಾಯ ಮಾಯ್ದಿತ್ತು. ಮೊಳಕೈ ಕೆಳಗಿನ ಮಚ್ಚೆ ತೆಳುವಾಗಿತ್ತು. ದವಾಖಾನೆಯವರಿಗೆ ಏನು ತೋರಿಸುವುದು? ಅವಳು ಬಹಳ ಹೊತ್ತು ವಿಚಾರ ಮಾಡಲಿಲ್ಲ. ಕಾದ ಹಂಚಿನ ಮೇಲೆ ಎಡಗೈ ಇಟ್ಟಳು.

“ಹಾ!”

ಕೈ ತಾನೇ ಹಾರಿ ಎದೆಗೆ ಬಂತು. ಕಣ್ಣಲ್ಲಿ ನೀರು ಬಂತು. ಉರಿ ಬೆರಳಿನಿಂದ ಮೊಳಕೈ ತನಕ ಏರಿತು. ಅವಳು ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ಕುಳಿತಳು. ನೀರು ತಣ್ಣಗಿತ್ತು. ತಣ್ಣಗಿದೆ ಎಂದು ತಿಳಿಯಿತು. ಆಗ ಅವಳಿಗೆ ಹೆದರಿಕೆ ಹುಟ್ಟಿತು. ಯಾರೂ ಮುಟ್ಟದೆ ಬಿಟ್ಟ ಈ ದಿನಗಳಲ್ಲಿ ಅವಳ ಮೈ ಸದ್ದಿಲ್ಲದೆ ಹೊಳ್ಳಿ ಬಂದು ಕೂತುಬಿಟ್ಟಿತ್ತು. ಬರಬಾರದ ಹೊತ್ತಿನಲ್ಲಿ ಬಂದಿತ್ತು.

ಸಂಜೆ ರೇವಣಸಿದ್ದ ಅಂಗಳದ ಆಚೆಯೇ ನಿಂತು ತಾಯಿಯನ್ನು ಕೇಳಿದ.

“ನಾಳೆ ಜಡ್ಡು ಇಲ್ಲಂದ್ರ?”

“ಇಲ್ಲಂದ್ರ ಚೊಲೋ ಆತಲ್ಲೋ. ದೇವರು ದೊಡ್ಡವ.”

“ದೇವರು ದೊಡ್ಡವ, ಖರೆ.” ಅವನು ನಕ್ಕ. ಒಳಗೆ ಇದ್ದವಳಿಗೆ ಕೇಳುವ ಹಾಗೆ ದನಿ ಎತ್ತಿದ. “ಇಷ್ಟು ದಿನ ನನ್ನನ್ನ ನಾಯಿ ಮಗ್ಗಲಾಗ ಮಲಗಿಸ್ಯಾಳ. ಮಂದ್ಯಾಗ ಮಾರಿ ತೋರಿಸಲಾರದಂಗ ಮಾಡ್ಯಾಳ. ಇಲ್ಲಂತಾದ್ರ ನಾಳೆ ಹೊರಸು ಒಳಗ ತರ್ತೀನಿ. ಆಮ್ಯಾಲ ಅಕಿಗೂ ನನಗೂ ಹಿಸಾಬ ಅದ.”

ರೇಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ತಪ್ಪಲಿಲ್ಲ.

ಮಂಗಳವಾರ ಮೂವರೂ ಟಂಟಂ ಆಟೊದಲ್ಲಿ ಸುರಪುರಕ್ಕೆ ಬಂದರು. ಉಮಾಳನ್ನು ಬಿಟ್ಟುಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಹಣಮಂತಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ತುದಿಗೆ ಕುಳಿತಳು, ಸೊಸೆ ಇನ್ನೊಂದು ತುದಿಗೆ. ದವಾಖಾನೆಯ ಅಂಗಳದಲ್ಲಿ ಬೇವಿನ ಮರ, ಸುತ್ತ ಕಟ್ಟೆ. ಅಜ್ಜಿ ಮೊಮ್ಮಗಳು ಅಲ್ಲಿ ಕುಳಿತರು. ರೇಣಮ್ಮ ಒಳಗೆ ಹೋದಳು.

ಫರ್ಹತ ಸಿಸ್ಟರ್ ನಡುವಯಸ್ಸಿನವರು, ತಲೆಗೆ ದುಪ್ಪಟ್ಟಾ ಸುತ್ತಿದ್ದರು. ಪರದೆ ಎಳೆದು, ರೇಣಮ್ಮನನ್ನು ಕುರ್ಚಿಯ ಮೇಲೆ ಕೂಡಿಸಿ, ಕೈ ತಿರುಗಿಸಿ ತಿರುಗಿಸಿ ನೋಡಿದರು.

“ಇದು ನಿನ್ನೀದೇನ್ರಿ? ಹಸಿ ಸುಟ್ಟ ಗಾಯ?”

“ಗೊತ್ತಾಗಲಿಲ್ರಿ. ಹಂಚಿಗೆ ಹತ್ತಿತು.”

“ಗೊತ್ತಾಗಲಿಲ್ಲ. ಹಾಂ.” ಅವರು ಮಲಾಮು ಹಚ್ಚಿ ಪಟ್ಟಿ ಸುತ್ತಿದರು. ಆಮೇಲೆ ಅರಳೆಯ ಚೂರೊಂದನ್ನು ಹೊಸೆದು ಸಣ್ಣ ತುದಿ ಮಾಡಿದರು. “ಈಗ ಕಣ್ಣು ಮುಚ್ಚಿರಿ. ನಾ ಇದರಲೆ ಅಲ್ಲಲ್ಲಿ ಮುಟ್ಟತೀನಿ. ಮುಟ್ಟಿದ್ದು ಗೊತ್ತಾದ್ರ ಹೂಂ ಅನ್ರಿ. ಇಷ್ಟ.”

ರೇಣಮ್ಮ ಕಣ್ಣು ಮುಚ್ಚಿದಳು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಗಟ್ಟಿಮಾಡಿಕೊಂಡು ಬಂದಿದ್ದಳು. ಹೂಂ ಅನ್ನಬಾರದು.

ಮೊಳಕೈ ಕೆಳಗೆ ಅರಳೆ ತಾಗಿತು. ಇರುವೆ ಹರಿದ ಹಾಗೆ.

“ಇಲ್ಲ,” ಎಂದಳು ರೇಣಮ್ಮ.

ಸ್ವಲ್ಪ ತಡೆದು, ಹೆಗಲ ಮೇಲೆ ತಾಗಿತು.

“ಇಲ್ಲ.”

ಕತ್ತಿನ ಹಿಂದೆ.

“ಇಲ್ರಿ.”

ಆಮೇಲೆ ಬಹಳ ಹೊತ್ತು ಏನೂ ತಾಗಲಿಲ್ಲ. ಹೊರಗೆ ಯಾರದೋ ಕೂಸು ಅಳುತ್ತಿತ್ತು. ರೇಣಮ್ಮ ಕಾಯುತ್ತ ಕುಳಿತಳು. ಫರ್ಹತ ಅವಳ ಮುಖ ನೋಡುತ್ತ ಸುಮ್ಮನಿದ್ದರು. ಕೊನೆಗೆ ಬೆನ್ನ ಮೇಲೆ, ಕುಪ್ಪಸದ ಅಂಚಿನ ಕೆಳಗೆ, ಅರಳೆ ಎಷ್ಟು ಹಗುರಾಗಿ ತಾಗಿತೆಂದರೆ ಗಾಳಿ ತಾಗಿದಷ್ಟು.

“ಇಲ್ಲ.”

“ಕಣ್ಣು ತೆರೀರಿ ಅಕ್ಕ.” ಫರ್ಹತ ಅರಳೆಯನ್ನು ಬುಟ್ಟಿಗೆ ಹಾಕಿದರು. “ನಾ ಮುಟ್ಟಲಾರದಾಗ ಸುಮ್ನ ಕುಂತ್ರಿ. ಮುಟ್ಟಿದಾಗೊಮ್ಮೆ ಬರೋಬ್ಬರಿ ಇಲ್ಲ ಅಂದ್ರಿ. ಗೊತ್ತಾಗಲಾರದವರಿಗೆ ಯಾವಾಗ ಇಲ್ಲ ಅನಬೇಕು ಅನ್ನೂದೂ ಗೊತ್ತಾಗಂಗಿಲ್ಲ.”

ರೇಣಮ್ಮನಿಗೆ ಆ ಮಾತು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಳಿತಳು.

“ಅದ ಅಂತ ಬರೀರಿ ಬಾಯಾರ. ನಿಮ್ಮ ಕಾಲಿಗೆ ಬೀಳ್ತೀನಿ.”

“ಏಳ್ರಿ, ಏಳ್ರಿ ಮ್ಯಾಲ. ಜಡ್ಡು ಬ್ಯಾಡ ಅಂತ ಅಳೋರ್ನ ದಿನಾ ನೋಡ್ತೀನಿ. ಬೇಕು ಅನ್ನೋರ್ನ ಎಲ್ಲೂ ನೋಡಿಲ್ಲ.”

“ಅದ ಅಂತಾದ್ರ ಅವ ಹತ್ತಿರ ಬರಂಗಿಲ್ಲ.”

ದನಿಯಲ್ಲಿ ಅಳು ಇರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವ ದನಿ. ಫರ್ಹತ ಅವಳ ಬೆನ್ನ ಮೇಲೆ ಕಂಡದ್ದನ್ನು ನೆನಪು ಮಾಡಿಕೊಂಡರು. ಉದ್ದುದ್ದ ಹಳೆಯ ಗೆರೆಗಳು.

“ಬೆನ್ನ ಮ್ಯಾಲ ಏನಾಗ್ಯಾದ?”

“ಕಂಬಕ್ಕ ಬಡೀತು.”

“ಕಂಬ ಹಗ್ಗ ಹಿಡಕೊಂಡು ಬಂದಿತ್ತೇನ್ರಿ?”

ಫರ್ಹತ ಎದ್ದು ಒಂದು ಲೋಟ ನೀರು ತಂದು, ಅವಳ ಕೈಯಲ್ಲೇ ಕೊಟ್ಟರು. ನೆಲದ ಮೇಲೆ ಇಡಲಿಲ್ಲ. ಅವರ ಬೆರಳು ಇವಳ ಬೆರಳಿಗೆ ತಾಗಿದವು.

“ಮಕ್ಕಳದಾರೇನು?”

“ಒಬ್ಬಾಕಿ ಮಗಳು. ಹೊರಗ ಕುಂತಾಳ.”

“ಜಡ್ಡು ಅದ ಅಂತ ಬರದ್ರ ಅವ ಹತ್ತಿರ ಬರಂಗಿಲ್ಲ, ಖರೆ. ಮಗಳು?”

ಲೋಟ ಬಾಯಿಯ ಹತ್ತಿರ ನಿಂತಿತು.

“ಅಕೀನೂ ಬರಂಗಿಲ್ಲ,” ಎಂದಳು ರೇಣಮ್ಮ. ಅಂದ ಮೇಲೆ ಆ ಮಾತನ್ನು ತಾನೇ ಕೇಳಿಸಿಕೊಂಡಳು.

“ನೋಡ್ರಿ ಅಕ್ಕ, ಸುಳ್ಳು ನಾ ಬರಿಯಂಗಿಲ್ಲ. ನಿಮ್ಮ ಚರ್ಮಕ್ಕ ಜಡ್ಡಿಲ್ಲ. ಆದ್ರ ಮೊದಲ ಸಲ ಕೈ ಸುಟ್ಟಾಗ ನಿಮಗ ಗೊತ್ತಾಗಲಿಲ್ಲ ಅಂತ ಸೌಭಾಗ್ಯ ಹೇಳ್ಯಾಳ, ಅದು ಸುಳ್ಳಲ್ಲ ಅಂತ ನನಗ ಗೊತ್ತದ. ಒಂದೇ ಸಮ ಬಡಿಸಿಕೊಂಡ ಜೀವ ಮೈ ಬಿಟ್ಟು ದೂರ ಹೋಗಿ ನಿಲ್ಲೂದು ಕಲೀತದ. ಅದೂ ಒಂದು ಜಡ್ಡ. ಅದಕ್ಕೂ ಡಾಕ್ಟರ್ ಅದಾರ, ದವಾ ಅದ. ಆದ್ರ ಹಗ್ಗ ನಿಲ್ಲಬೇಕು ಮೊದಲ. ಅದಕ್ಕ ಯಾದಗಿರಿಯಾಗ ಹೆಣ್ಮಕ್ಕಳಿಗೆ ಅಂತ ಒಂದು ಜಾಗ ಅದ. ಇರಾಕ ಬಿಡ್ತಾರ, ಮಕ್ಕಳನ್ನೂ ಕೂಡ. ವಕೀಲರದಾರ, ಪೊಲೀಸರ ಜೋಡಿ ಅವರ ಮಾತಾಡ್ತಾರ. ನಾ ಇಲ್ಲಿಂದ ಫೋನ್ ಹಚ್ಚತೀನಿ. ಆದ್ರ ನೀವು ಬಾಯಿ ಬಿಟ್ಟು ಹೇಳಬೇಕು. ಜಡ್ಡು ಬಿಟ್ಟು ನಿಮಗ ಏನು ಬೇಕು?”

ಏನು ಬೇಕು ಎಂದು ರೇಣಮ್ಮನನ್ನು ಯಾರೂ ಕೇಳಿದ್ದಿಲ್ಲ. ಅವಳು ಒಳಗೆ ಹುಡುಕಿದಳು. ಏನೂ ಸಿಗಲಿಲ್ಲ. ಲೋಟ ಕೆಳಗಿಟ್ಟು, ಸೆರಗು ಹೊದ್ದುಕೊಂಡು, “ಬರ್ತೀನ್ರಿ,” ಎಂದು ಎದ್ದಳು.

“ಸಂಜಿತನ ನಾ ಇಲ್ಲೇ ಇರ್ತೀನಿ,” ಎಂದರು ಫರ್ಹತ.

ಬೇವಿನ ಕಟ್ಟೆಯ ಮೇಲೆ ಹಣಮಂತಮ್ಮ ಎಲೆಅಡಿಕೆಯ ಚೀಲ ಬಿಚ್ಚುತ್ತ, ಮತ್ತೆ ಕಟ್ಟುತ್ತ ಕುಳಿತಿದ್ದಳು. ಉಮಾ ಆಚೆ ತುದಿಯಲ್ಲಿ ಶೇಂಗಾ ಚಿಕ್ಕಿ ನೆಕ್ಕುತ್ತಿದ್ದಳು.

“ಏನಂದ್ರು?”

“ಇಲ್ಲ ಅಂದ್ರು ಅತ್ತಿ.”

ಮುದುಕಿ ದೇವರು ದೊಡ್ಡವ ಅನ್ನಲಿಲ್ಲ. ಬಾಯಿಯಲ್ಲಿಯ ಎಲೆ ಉಗುಳಿದಳು. ದವಾಖಾನೆಯ ಗೋಡೆ ನೋಡಿದಳು. ಆಮೇಲೆ ಹೇಳಿದಳು.

“ಅದ ಅಂತ ಹೇಳೂಣು ಅವಗ.”

ರೇಣಮ್ಮ ಅವಳ ಕಡೆ ನೋಡಿದಳು.

“ಅವಗ ಓದಾಕ ಬರಂಗಿಲ್ಲ, ಕೇಳಾಕ ಇಲ್ಲಿಗಿ ಬರವನೂ ಅಲ್ಲ. ಅದ ಅಂದಾರ, ಗುಳಿಗಿ ಕೊಟ್ಟಾರ ಅಂತ ನಾ ಹೇಳ್ತೀನಿ. ಹೊರಸು ಹಟ್ಟ್ಯಾಗ ಇರಲಿ.” ಚೀಲದ ದಾರ ಬಿಗಿಯುತ್ತ ಬೇರೆ ಎಲ್ಲೋ ನೋಡುತ್ತ ಅಂದಳು, “ನನ್ನ ಕಾಲದಾಗ ನನಗ ಒಂದು ಜಡ್ಡೂ ಬರಲಿಲ್ಲ ನೋಡು. ನಿಮ್ಮ ಮಾವ ಸಾಯೂತನ ನಾ ಗಟ್ಟಿಮುಟ್ಟ ಇದ್ದೆ.”

ಅಂದು ಸೌಭಾಗ್ಯಳ ಮುಂದೆ ಅತ್ತೆ ಗದ್ದ ಎತ್ತಿ ತೋರಿಸಿದ್ದು ರೇಣಮ್ಮನಿಗೆ ನೆನಪಾಯಿತು. ದೂರು ಎಂದುಕೊಂಡಿದ್ದಳು. ದೂರೋ, ಬೇರೆ ಏನೋ, ಕೇಳಲು ಹೋಗಲಿಲ್ಲ. ಬೀರಪ್ಪನ ಕಟ್ಟೆಯ ಕೆಳಗೆ ನಿಂತು ಬೇಡಿದ್ದು ಈಗ ಸುಣ್ಣ ಮೆತ್ತಿದ ಮುದುಕಿಯ ಕೈಯಿಂದ ಸಿಗುತ್ತಿತ್ತು. ಹೂಂ ಅಂದರೆ ಮುಗಿಯಿತು.

“ಅವ್ವಾ!”

ಉಮಾ ಕಟ್ಟೆಯಿಂದ ಇಳಿದು ಬಂದಿದ್ದಳು. ಉಳಿದ ಚಿಕ್ಕಿಯ ಚೂರನ್ನು ಕಾಗದದ ಸಮೇತ ನೆಲದ ಮೇಲೆ, ಇಬ್ಬರ ನಡುವೆ ಇಟ್ಟಳು. ಹಿಂದಕ್ಕೆ ಜಿಗಿದಳು. ಚಪ್ಪಾಳೆ ಹೊಡೆದಳು.

“ಇಟ್ಟೀನಿ ನೋಡು, ತಗೋ!”

ರೇಣಮ್ಮ ಚಿಕ್ಕಿಯನ್ನು ನೋಡಿದಳು. ಅದರ ಮೇಲೆ ಆಗಲೇ ಮಣ್ಣು ಹತ್ತಿತ್ತು. ಕೂಸು ದೂರ ನಿಂತು ನಗುತ್ತಿತ್ತು. ಆಟ ಚೆನ್ನಾಗಿ ಕಲಿತಿತ್ತು. ಅತ್ತೆಯ ಮಾತಿಗೆ ಹೂಂ ಅಂದರೆ ಹೊರಸು ಹಟ್ಟಿಯಲ್ಲಿರುತ್ತದೆ, ಕೂಸು ಹೀಗೆಯೇ ದೂರ ನಿಂತು ಬೆಳೆಯುತ್ತದೆ. ಒಂದು ದಿನ ಚಪ್ಪಾಳೆ ಹೊಡೆಯುವುದನ್ನು ಬಿಡುತ್ತದೆ. ಇಟ್ಟು ಹೋಗುತ್ತದೆ ಅಷ್ಟೇ.

“ಬ್ಯಾಡ ಅತ್ತಿ,” ಎಂದಳು ರೇಣಮ್ಮ.

“ಬ್ಯಾಡ ಅಂದ್ರ? ಹುಚ್ಚಿ, ರಾತ್ರಿ ಅವ ಹೊರಸು ತರತಾನ.”

“ತರಲಿ. ಆ ಮನ್ಯಾಗ ನಾ ಇರಂಗಿಲ್ಲ.”

ಈ ಮಾತನ್ನು ಯಾರು ಆಡಿದರು ಎಂದು ಅವಳಿಗೇ ಒಂದು ಗಳಿಗೆ ತಿಳಿಯಲಿಲ್ಲ. ಮುಂದೆ ಹೋದಳು. ಚಿಕ್ಕಿಯನ್ನು ದಾಟಿದಳು. ಅಜ್ಜಿ ಕಲಿಸಿದ ಹಾಗೆ ಉಮಾ ಹಿಂದೆ ಸರಿದಳು, ಮತ್ತೂ ಸರಿದಳು, ಬೇವಿನ ಕಟ್ಟೆಗೆ ಬೆನ್ನು ಹತ್ತಿ ನಿಂತಳು. ನಗು ನಿಂತುಹೋಗಿತ್ತು.

“ಮುಟ್ಟಬಾರದವ್ವಾ. ಆಯಿ ಬೈತಾಳ.”

“ಬೈಯಂಗಿಲ್ಲ. ಕೇಳು ಬೇಕಾದ್ರ.”

ಕೂಸು ಅಜ್ಜಿಯ ಕಡೆ ನೋಡಿತು. ಹಣಮಂತಮ್ಮ ಬೈಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

ರೇಣಮ್ಮ ಬಗ್ಗಿ, ಪಟ್ಟಿಯಿಲ್ಲದ ಬಲಗೈಯಲ್ಲಿ ಮಗಳ ಕೈ ಹಿಡಿದಳು. ಹಿಡಿದು ನಿಂತಳು. ಮೊದಲು ಏನೂ ತಿಳಿಯಲಿಲ್ಲ. ಮರದ ತುಂಡು ಹಿಡಿದ ಹಾಗಿತ್ತು. ಅವಳು ಬಿಡಲಿಲ್ಲ, ಕಾಯುತ್ತ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಅಂಟು ತಿಳಿಯಿತು, ಬೆಲ್ಲದ ಅಂಟು. ಅದರ ಹಿಂದಿನಿಂದ ಸಣ್ಣ ಬಿಸಿ ತಿಳಿಯಿತು.

“ಹೂಂ,” ಎಂದಳು.

“ಏನವ್ವಾ?”

“ಏನಿಲ್ಲ.”

ಮಗಳ ಕೈ ಹಿಡಿದುಕೊಂಡೇ ದವಾಖಾನೆಯ ಮೆಟ್ಟಿಲ ಕಡೆಗೆ ತಿರುಗಿದಳು.

“ಎಲ್ಲಿಗಿ ಹೊಂಟಿ?” ಎಂದಳು ಹಣಮಂತಮ್ಮ.

“ಒಳಗ. ಆ ಬಾಯಾರು ಏನು ಬೇಕು ಅಂತ ಕೇಳಿದ್ರು. ಹೇಳಲಾರದ ಬಂದೆ.”

ಮುದುಕಿ ಎದ್ದಳು. ಸೊಸೆಯನ್ನು ತಡೆಯುತ್ತಾಳೋ ಅನ್ನುವ ಹಾಗೆ ಒಂದು ಹೆಜ್ಜೆ ಇಟ್ಟಳು. ಹೊಳ್ಳಿ ಕಟ್ಟೆಯ ಮೇಲೆ ಕುಳಿತಳು. ಊರಿಗೆ ಹೋಗುವ ಟಂಟಂನವನು ಗೇಟಿನ ಆಚೆ ನಿಂತು ಕೂಗುತ್ತಿದ್ದ. ಅವನಿಗೆ ಕೈಬೀಸಿ ಹೋಗು ಎಂದಳು.

“ಹೋಗಿ ಹೇಳಿ ಬಾ,” ಎಂದಳು. “ನಾ ಇಲ್ಲೇ ಕುಂತಿರ್ತೀನಿ.”

ನೆಲದ ಮೇಲಿನ ಚಿಕ್ಕಿಗೆ ಇರುವೆ ಹತ್ತಿದ್ದವು. ಹಣಮಂತಮ್ಮ ಅದನ್ನು ಎತ್ತಿ, ಮಣ್ಣು ಊದಿ, ಕಾಗದದಲ್ಲಿ ಸುತ್ತಿ, ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.